ಮೇಷ್ಟ್ರ ಅಂಗಡಿಯಲ್ಲಿ ನಮ್ಮ ಕೊಬ್ಬರಿ ಗಾಡಿ

ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಸೆನ್ಸರ್, ವೈರಿಂಗ್ ತೊಂದರೆ ಹುಡುಕಿಕೊಡುವ ತುಮಕೂರಿನ ಈ ಅಂಗಡಿಗೆ ಬೋರ್ಡಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಬಂದವರು ಕೂರಲು ಇರುವುದು ಹಳೆಯ ಬಸ್ಸಿನ ಒಂದು ಸೀಟು, ಅದರ ಮೇಲೂ ಯಾವಾಗಲೂ ಒಂದು ಬೆಕ್ಕು ಮಲಗಿರುತ್ತದೆ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಉಳಿದ ಒಂದು ಯಾಕೆ ಕಟ್ ಆಯಿತು ಅನ್ನುವುದನ್ನೂ ಹೇಳುತ್ತೇನೆ.

ನಮ್ಮದು ಹದಿನಾಲ್ಕು ಅಡಿ ಬಾಡಿಯ ಒಂದೇ ಒಂದು ಗಾಡಿ. ಓನರೂ ನಾನೇ, ಡ್ರೈವರೂ ನಾನೇ. ತಿಪಟೂರಿನಿಂದ ಕೊಬ್ಬರಿ, ತೆಂಗಿನಕಾಯಿ ತುಂಬಿಕೊಂಡು ಬಿ.ಎಚ್. (ಬೆಂಗಳೂರು-ಹೊನ್ನಾವರ) ರೋಡ್ ಹಿಡಿದು ಬೆಂಗಳೂರಿಗೆ ಹೋಗುವುದು, ಬರುವಾಗ ಸಿಕ್ಕಿದ್ದನ್ನು ಹೇರಿಕೊಂಡು ಬರುವುದು. 2014ರ ಮಾಡೆಲ್, ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಇಂಜಿನ್, 12 ವೋಲ್ಟ್ ಬ್ಯಾಟರಿ. ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ಸ್‌ನಲ್ಲಿ ತಗೊಂಡಿದ್ದು, ಹಾಗಾಗಿ ಬಿಎಸ್-4 (ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಿತಿಯ ನಾಲ್ಕನೇ ಹಂತ). ಆಗ ನಮ್ಮ ಕಡೆ ಇನ್ನೂ ಬಿಎಸ್-3 ಗಾಡಿ ಮಾರುತ್ತಿದ್ದರು. ದೇಶಕ್ಕೆಲ್ಲ ಬಿಎಸ್-4 ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಬಿಎಸ್-4 ಅಂದರೆ ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಹಾಕುವ ಹದಿನಾರು ಪಿನ್ನಿನ ಸಾಕೆಟ್ ಇದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಇದೆ ಅಂತ ನಾನು ಖುಷಿಪಟ್ಟಿದ್ದೆ. ಲೈಟ್ ಹತ್ತಿದರೆ ಕೋಡ್ ನೋಡುವುದು, ಕೋಡ್ ಹೇಳಿದ ಸಾಮಾನು ಬದಲಾಯಿಸುವುದು, ಮುಗಿಯಿತು ಅಂದುಕೊಂಡಿದ್ದೆ.

ಕಥೆ ಶುರುವಾಗಿದ್ದು ಹೋದ ಬೇಸಿಗೆಯಲ್ಲಿ, ಕೆ.ಬಿ. ಕ್ರಾಸ್ ದಾಟಿ ಸ್ವಲ್ಪ ದೂರದಲ್ಲಿ. ಮಧ್ಯಾಹ್ನ ಎರಡು ಗಂಟೆ, ಫುಲ್ ಲೋಡು. ಗಾಡಿ ಒಂದು ಸಲ ಜರ್ಕ್ ಹೊಡೆದು ಸುಮ್ಮನಾಯಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಡೀಸೆಲ್ ಫಿಲ್ಟರ್ ನೋಡಿದೆವು, ಏರ್ ತೆಗೆದೆವು. ಇಪ್ಪತ್ತು ನಿಮಿಷ ಹುಣಸೆ ಮರದ ಕೆಳಗೆ ಕೂತು ಬಂದು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್! ಮುಂದಿನ ವಾರ ಗುಬ್ಬಿ ಹತ್ತಿರ ಅದೇ ಕಥೆ. ಅದರ ಮುಂದಿನ ವಾರ ನೆಲಮಂಗಲದ ಫ್ಲೈಓವರ್ ಮೇಲೆ. ಹಿಂದಿನ ಬಸ್ಸಿನವನು ಆವತ್ತು ನನ್ನ ವಂಶವನ್ನೆಲ್ಲ ನೆನಪಿಸಿಕೊಂಡ.

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ. 900 ರೂಪಾಯಿಗೆ ಒಂದು ನೀಲಿ ಡಬ್ಬಿ ತರಿಸಿದ. ಇಎಲ್‌ಎಂ 327 ಅಂತಾರಲ್ಲ, ಬ್ಲೂಟೂತಿನಲ್ಲಿ ಫೋನಿಗೆ ಕೋಡ್ ಕಳಿಸುತ್ತದೆ, ಅದು. ಹಾಕಿದ ತಕ್ಷಣ ಪಿ0335 ಬಂತು, ಕ್ರ್ಯಾಂಕ್ ಸೆನ್ಸರ್ (ಇಂಜಿನ್ನಿನ ಮುಖ್ಯ ಶಾಫ್ಟ್ ತಿರುಗುವುದನ್ನು ನೋಡುವ ಸೆನ್ಸರ್) ಸರ್ಕ್ಯೂಟ್. ಇಲ್ಲಿ 'ಸರ್ಕ್ಯೂಟ್' ಅನ್ನುವ ಮಾತಿದೆಯಲ್ಲ, ಅದನ್ನು ನಾವಿಬ್ಬರೂ ಓದಿದೆವು, ಇಬ್ಬರೂ ಬಿಟ್ಟುಬಿಟ್ಟೆವು. ಸೆನ್ಸರ್ ಹೋಗಿದೆ ಅಂದುಕೊಂಡೆವು. ಹುಡುಗ 'ಮಾಮಾ, ಕ್ಲಿಯರ್ ಮಾಡ್ಲಾ?' ಅಂದ. ಮಾಡು ಅಂದೆ. ಲೈಟ್ ಆರಿತು. ಎರಡು ದಿನ ಸಂತೋಷವಾಗಿದ್ದೆ.

ಮೂರನೇ ದಿನ ಊರಿನ ಮೆಕ್ಯಾನಿಕ್ ಹತ್ತಿರ ಹೋದರೆ ಅವನು ಬದಲಾಯಿಸಿದ್ದು ಕ್ರ್ಯಾಂಕ್ ಸೆನ್ಸರ್ ಅಲ್ಲ, ವಾಲ್ವ್ ಆಡಿಸುವ ಶಾಫ್ಟಿನ ಕ್ಯಾಮ್ ಸೆನ್ಸರ್! ಯಾಕಪ್ಪಾ ಅಂದರೆ 'ಅಣ್ಣಾ, ಅದು ಮೇಲ್ಗಡೆನೇ ಸಿಕ್ತದೆ, ಒಂದೇ ಬೋಲ್ಟು. ಕ್ರ್ಯಾಂಕ್‌ದು ಹೌಸಿಂಗ್ ಹತ್ರ, ಸೆಲ್ಫ್ ಮೋಟ್ರು ಬಿಚ್ಚಬೇಕು. ಎರಡೂ ಒಂದೇ ಕೆಲ್ಸ ಮಾಡೋದು' ಅಂದ. ಡೂಪ್ಲಿಕೇಟ್, 650 ರೂಪಾಯಿ. ಸರಿಹೋಗಲಿಲ್ಲ. ಆಮೇಲೆ ಒರಿಜಿನಲ್ಲೇ ಹಾಕೋಣ ಅಂತ 2,400 ಕೊಟ್ಟು ಇನ್ನೊಂದು ಕ್ಯಾಮ್ ಸೆನ್ಸರ್. ಅದೂ ಸರಿಹೋಗಲಿಲ್ಲ.

ಎರಡನೇ ಮೆಕ್ಯಾನಿಕ್ ರೋಡ್ ಸೈಡಿನ ಎಲೆಕ್ಟ್ರಿಷಿಯನ್. ಅವನಿಗೆ ಸಲ್ಲಬೇಕಾದ್ದು ಸಲ್ಲಲಿ, ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದವನು ಅವನೊಬ್ಬನೇ. ಕ್ರ್ಯಾಂಕ್ ಸೆನ್ಸರಿನ ವೈರು ಹೌಸಿಂಗಿನ ಮೇಲೆ ಹಾದುಹೋಗುವ ಕಡೆ ಇಲಿ ಕಡಿದಿತ್ತು. ಕೊಬ್ಬರಿ ಗೋಡೌನಿನ ಮುಂದೆ ರಾತ್ರಿಯೆಲ್ಲ ನಿಲ್ಲುವ ಗಾಡಿ, ಇಲಿಗೇನು ಬರ? ಕೊಬ್ಬರಿ ತಿಂದು ಹಲ್ಲು ಉಜ್ಜಲು ವೈರು. ಒಂದು ವೈರಿನಲ್ಲಿ ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಇಂಜಿನ್ ಕಾದಾಗ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾದಾಗ ಮತ್ತೆ ಮುಟ್ಟಿಕೊಳ್ಳುತ್ತಿತ್ತು. ಅವನು ಹಾಳಾದ ಒಂದು ಗೇಣು ಕತ್ತರಿಸಿ ಹೊಸ ವೈರು ಸೇರಿಸಿ ಟೇಪ್ ಸುತ್ತಿದ. ಇನ್ನೂರು ರೂಪಾಯಿ. ದಾರಿಯಲ್ಲಿ ನಿಲ್ಲುವುದು ಅವತ್ತಿಗೆ ನಿಂತಿತು.

ಬದಲಿಗೆ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ಎಂಟು, ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿಕೊಳ್ಳತೊಡಗಿತು. ಸ್ಟಾರ್ಟ್ ಆದ ಮೇಲೆ ಒಂಥರಾ ಗಡಗಡ ಸದ್ದು, ಬೆಳ್ಳನೆಯ ಹೊಗೆ. ಏರಿನಲ್ಲಿ ಪಿಕಪ್ ಇಲ್ಲ. ಫೋನಿನಲ್ಲಿ ಒಂದು ದಿನ ಪಿ0336, ಇನ್ನೊಂದು ದಿನ ಪಿ0016. ಮೊದಲನೆಯದು ಕ್ರ್ಯಾಂಕ್ ಸಿಗ್ನಲ್ ಸರಿಯಿಲ್ಲ ಅಂತ. ಎರಡನೆಯದು ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆ ಆಗುತ್ತಿಲ್ಲ ಅಂತ. ಈ ಎರಡನೆಯದನ್ನು ಯಾರ ಮುಂದೆ ಹೇಳಿದರೂ ಅವರ ಮುಖ ಸಾವಿನ ಮನೆಗೆ ಬಂದವರಂತಾಗುತ್ತದೆ. ಟೈಮಿಂಗ್ ಔಟ್, ಅಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಕಟ್ಟಿದ ಚೈನ್ ಜಾಗ ತಪ್ಪಿದೆ ಅಂತ!

ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಸ್ಕ್ಯಾನರ್ ಹಾಕಿ ಅದೇ ಎರಡು ಕೋಡ್ ಪ್ರಿಂಟ್ ತೆಗೆದು ಕೈಗಿಟ್ಟರು. 'ಚೈನ್ ಲೂಸ್ ಆಗಿ ಹಲ್ಲು ಹಾರಿದೆ. ಟೈಮಿಂಗ್ ಕಿಟ್ ಪೂರ್ತಿ ಹಾಕಬೇಕು, ಲೇಬರ್ ಸೇರಿ 36,000. ಕ್ರ್ಯಾಂಕ್ ಸೆನ್ಸರ್ ಹೊಸದೇ ಹಾಕಿ. ಅದಕ್ಕೂ ಹೋಗದಿದ್ದರೆ ಇಸಿಎಂ, ಅಂದ್ರೆ ಇಂಜಿನ್ ಕಂಪ್ಯೂಟರ್, ನೋಡಬೇಕಾಗುತ್ತೆ.' ಚೈನ್ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂದೆ. 'ಕೋಡ್ ಹೇಳ್ತಿದೆಯಲ್ಲ ಸರ್' ಅಂದರು. ಕ್ರ್ಯಾಂಕ್ ಸೆನ್ಸರನ್ನು ಮಾತ್ರ ಅಲ್ಲೇ 1,900 ಕೊಟ್ಟು ಹಾಕಿಸಿದೆ, ಯಾಕೆಂದರೆ ಕಾಫಿ ಕುಡಿದಿದ್ದೆ. ಏನೂ ಬದಲಾಗಲಿಲ್ಲ.

ಮೇಷ್ಟ್ರ ಹೆಸರು ಹೇಳಿದ್ದು ದಾಬಸ್‌ಪೇಟೆಯಲ್ಲಿ ಟೀ ಕುಡಿಯುವಾಗ ಸಿಕ್ಕ ಟ್ಯಾಂಕರ್ ಡ್ರೈವರ್. ಹೆಸರು ಅಂದರೆ ಅಷ್ಟೇ, 'ಮೇಷ್ಟ್ರು'. ಹಿಂದೆ ಐಟಿಐನಲ್ಲಿ ಪಾಠ ಹೇಳುತ್ತಿದ್ದರಂತೆ, ರಿಟೈರ್ ಆದ ಮೇಲೆ ಮನೆ ಪಕ್ಕದ ಶೆಡ್ಡಿನಲ್ಲಿ ಇದನ್ನು ಮಾಡುತ್ತಾರೆ. ತುಮಕೂರಿನಲ್ಲಿ ಬಿ.ಎಚ್. ರೋಡ್ ಬಿಟ್ಟು ಒಳಗೆ ಹೋಗಬೇಕು. ಹದಿನಾಲ್ಕು ಅಡಿಯ ಗಾಡಿಯನ್ನೇ ರಿವರ್ಸ್‌ನಲ್ಲಿ ತೂರಿಸಬೇಕು, ಎದುರು ಮನೆಯ ಅಜ್ಜಿ ರಂಗೋಲಿ ಹಾಕಿದ್ದರೆ ಬೈಗುಳವೂ ಫ್ರೀ. ದೊಡ್ಡ ಗಾಡಿಯವರು ಮೇನ್ ರೋಡಿನಲ್ಲೇ ನಿಲ್ಲಿಸಿ ನಡೆದು ಹೋಗುವುದು, ಮೇಷ್ಟ್ರೇ ಪೆಟ್ಟಿಗೆ ಹೊತ್ತು ಬರುತ್ತಾರೆ.

ನಾನು ಹೋದಾಗ ಬೆಳಿಗ್ಗೆ ಹತ್ತೂವರೆ. ಅವರು ಕೇಳಿದ ಮೊದಲ ಪ್ರಶ್ನೆ ಕೋಡ್ ಯಾವುದು ಅಂತಲ್ಲ. 'ಮೊದ್ಲು ಬಂದಿದ್ದು ಯಾವ್ದು, ಆಮೇಲ್ ಬಂದಿದ್ದು ಯಾವ್ದು? ಮಧ್ಯದಲ್ಲಿ ಯಾರ್ ಯಾರ್ ಕೈ ಹಾಕುದ್ರು?' ನಾನು ಹೇಳಿದೆ, ಅವರು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡರು. ಕೋಡ್ ಕ್ಲಿಯರ್ ಮಾಡಿದ್ದೆವು ಅಂದಾಗ ಕನ್ನಡಕದ ಮೇಲಿಂದ ನೋಡಿದರು. 'ಕಳ್ಳ ಬಂದೋದ್ ಮೇಲೆ ಮನೆ ಗುಡ್ಸಿ ಸಾರ್ಸಿ ಪೊಲೀಸ್ನೋರ್ನ ಕರದ್ರಂತೆ.' ಕೋಡ್ ಬಿದ್ದ ಹೊತ್ತಿನಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ ಇತ್ತು ಅನ್ನುವ ಲೆಕ್ಕ ಕೋಡಿನ ಜೊತೆಗೇ ಇಸಿಎಂನಲ್ಲಿ ಉಳಿದಿರುತ್ತದೆ, ಕ್ಲಿಯರ್ ಒತ್ತಿದರೆ ಅದೂ ಅಳಿಸಿಹೋಗುತ್ತದೆ. ನನಗೆ ಗೊತ್ತಿರಲಿಲ್ಲ. ಅಕ್ಕನ ಮಗನಿಗೂ ಗೊತ್ತಿರಲಿಲ್ಲ.

ಆಮೇಲೆ ಸ್ಕ್ಯಾನರ್ ಹಾಕಿದರು, ಆದರೆ ಕೋಡ್ ಓದಲು ಅಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಯಲು ಹೇಳಿ ಎರಡು ನಂಬರ್ ಮಾತ್ರ ನೋಡಿದರು. ಒಂದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು ತೋರಿಸುತ್ತದೆ. ಇನ್ನೊಂದು, ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ, ಡೀಸೆಲ್ ಪ್ರೆಷರ್ ಎಷ್ಟು. ಪ್ರೆಷರ್ 280 ಬಾರ್ ಬಂತು. ಹೆಚ್ಚುಕಡಿಮೆ 200 ದಾಟಿದರೆ ಇಂಥ ಇಂಜಿನ್ ಸ್ಟಾರ್ಟ್ ಆಗಬೇಕು, ಆದ್ದರಿಂದ ಪಂಪು, ಫಿಲ್ಟರು ಪಟ್ಟಿಯಿಂದ ಹೊರಗೆ. ಆರ್‌ಪಿಎಂ ಮಾತ್ರ 210, 0, 190, 0, 230 ಅಂತ ಕುಣಿಯಿತು. ಇಂಜಿನ್ ಒಂದೇ ಸಮ ತಿರುಗುತ್ತಿದೆ, ಇಸಿಎಂಗೆ ಅದು ಬಿಟ್ಟು ಬಿಟ್ಟು ಕಾಣುತ್ತಿದೆ. ಈ ಒಂದು ಪರೀಕ್ಷೆಯನ್ನು 900 ರೂಪಾಯಿಯ ನೀಲಿ ಡಬ್ಬಿಯಲ್ಲೂ ಮಾಡಬಹುದು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ಬಿಟ್ಟು ಏಳದಿದ್ದರೆ ಡೀಸೆಲ್ ಪೈಪ್ ಬಿಚ್ಚಲು ಹೋಗಬೇಡಿ, ಕ್ರ್ಯಾಂಕ್ ಸೆನ್ಸರಿನ ಕಡೆ ಹೋಗಿ.

ಮುಂದಿನದನ್ನು ನೀಲಿ ಡಬ್ಬಿಯಲ್ಲಿ ಮಾಡಲಾಗುವುದಿಲ್ಲ. ಮೇಷ್ಟ್ರು ಕಪ್ಲರ್ (ಸೆನ್ಸರಿಗೆ ವೈರು ಸಿಕ್ಕಿಸುವ ಪ್ಲಗ್) ಬಿಚ್ಚಿ ಮೀಟರ್ ಹಿಡಿದರು, 860 ಓಮ್. 'ನೋಡು, ಸೆನ್ಸರ್ ಚೆನ್ನಾಗದೆ.' ಸೆಲ್ಫ್ ಹೊಡೆಸಿ ಎಸಿ ವೋಲ್ಟ್ ನೋಡಿದರು, ಅದೂ ಬರುತ್ತಿದೆ. 'ವೋಲ್ಟೂ ಚೆನ್ನಾಗದೆ. ಎಲ್ಲಾ ಚೆನ್ನಾಗದೆ, ಗಾಡಿ ಮಾತ್ರ ಸ್ಟಾರ್ಟ್ ಆಗಲ್ಲ. ಯಾಕೇಳು?' ನಾನು ಸುಮ್ಮನೆ ನಿಂತೆ. ಅರವತ್ತು ಹುಡುಗರ ಮುಂದೆ ಕೇಳಿ ಅಭ್ಯಾಸವಾದ ಪ್ರಶ್ನೆ ಅದು, ಉತ್ತರ ಬರುವವರೆಗೆ ಮುಂದೆ ಹೋಗುವುದಿಲ್ಲ. ಕೊನೆಗೆ ಅವರೇ ಹೇಳಿದರು. 'ಮೀಟ್ರಿಗೆ ತಲೆ ಬಾಲ ಗೊತ್ತಾಗಲ್ಲ ಕಣಪ್ಪಾ.'

ಶೆಡ್ಡಿನ ಒಳಗಿಂದ ಹಳೆಯ ಲ್ಯಾಪ್‌ಟಾಪ್ ಬಂತು, ಅದಕ್ಕೆ ಸಿಕ್ಕಿಸಿದ ಒಂದು ಸಣ್ಣ ಪೆಟ್ಟಿಗೆ. ಆಸಿಲೋಸ್ಕೋಪ್, ವೈರಿನಲ್ಲಿ ವೋಲ್ಟ್ ಏರಿಳಿಯುವುದನ್ನು ಗೆರೆಯಾಗಿ ತೋರಿಸುವ ಪೆಟ್ಟಿಗೆ. ಮೇಷ್ಟ್ರು ಬರೀ ಸ್ಕೋಪ್ ಅನ್ನುತ್ತಾರೆ. ಎರಡು ಟೈಲರ್ ಸೂಜಿಗಳನ್ನು ಕಪ್ಲರಿನ ಹಿಂದಿನಿಂದ, ವೈರಿನ ಪಕ್ಕದಲ್ಲೇ ತೂರಿಸಿದರು, ವೈರನ್ನು ಚುಚ್ಚದೆ, ಸುಲಿಯದೆ. ಇನ್ನೊಂದನ್ನು ಕ್ಯಾಮ್ ಸೆನ್ಸರಿನ ಸಿಗ್ನಲ್ ವೈರಿಗೆ. ನಾನು ಸೆಲ್ಫ್ ಹೊಡೆದೆ. ಸ್ಕ್ರೀನಿನಲ್ಲಿ ಮೇಲೆ ಗರಗಸದ ಹಲ್ಲಿನಂಥ ಗೆರೆ, ಕೆಳಗೆ ಕೋಟೆ ಗೋಡೆಯಂತೆ ಚೌಕ ಚೌಕದ ಗೆರೆ. ಮೇಲಿನದು ಕ್ರ್ಯಾಂಕ್, ಕೆಳಗಿನದು ಕ್ಯಾಮ್. ನನಗೆ ಎರಡೂ ಚೆನ್ನಾಗೇ ಕಂಡವು.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ಇಂಜಿನ್ನಿನ ಫ್ಲೈವೀಲ್ ಸುತ್ತ 60 ಹಲ್ಲಿನ ಜಾಗವಿದೆ, ಅದರಲ್ಲಿ ಎರಡನ್ನು ಬೇಕೆಂದೇ ಬಿಟ್ಟಿದ್ದಾರೆ. ಉಳಿದಿರುವುದು 58. ಒಂದು ಹಲ್ಲಿಗೆ 6 ಡಿಗ್ರಿ. 'ನಿಮ್ ತೋಟದ್ ಬದಿನಾಗೆ ಒಂದೇ ಅಳತೇಲಿ 60 ತೆಂಗಿನ್ ಸಸಿ ನೆಟ್ಟಿದೀಯ, ಎರಡು ಒಣಗೋಗವೆ ಅಂದ್ಕೋ. ನೀನು ಕತ್ಲಲ್ಲಿ ಮರ ಮುಟ್ಕಂಡು ಸುತ್ತ ಬತ್ತಿದೀಯ. ಖಾಲಿ ಜಾಗ ಸಿಕ್ತು ಅಂದ್ರೆ ಗೇಟ್ ಹತ್ರ ಬಂದೆ ಅಂತ ಗೊತ್ತಾಯ್ತದೆ. ಇಸಿಎಮ್ಮೂ ಅಷ್ಟೇ.' ಆ ಖಾಲಿಯಿಂದ ಎಣಿಸಿಕೊಂಡು ಪಿಸ್ಟನ್ ಎಲ್ಲಿದೆ ಅಂತ ತಿಳಿದು ಡೀಸೆಲ್ ಬಿಡುತ್ತದೆ. ಆದರೆ ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಒಂದನೇ ಸಿಲಿಂಡರ್ ಮೇಲೆ ಬಂದಾಗ ಅದು ಕಂಪ್ರೆಷನ್ನೋ ಎಕ್ಸಾಸ್ಟೋ ಅಂತ ಕ್ರ್ಯಾಂಕ್ ಒಂದರಿಂದಲೇ ತಿಳಿಯುವುದಿಲ್ಲ, ಅದನ್ನು ಹೇಳಲು ಕ್ಯಾಮ್ ಸೆನ್ಸರ್. ಎರಡೂ ಒಂದೇ ಕೆಲಸ ಅಂದ ನಮ್ಮೂರ ಮೆಕ್ಯಾನಿಕ್ ಇದನ್ನು ಓದಲಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ತಲೆ ಬಾಲದ ವಿಷಯ. ಈ ಕ್ರ್ಯಾಂಕ್ ಸೆನ್ಸರ್ ಒಳಗೆ ಇರುವುದು ಒಂದು ಆಯಸ್ಕಾಂತ, ಅದರ ಸುತ್ತ ತಂತಿ. ಹಲ್ಲು ಹತ್ತಿರ ಬರುವಾಗ ಕರೆಂಟ್ ಒಂದು ಕಡೆ ಏರುತ್ತದೆ, ದಾಟಿ ಹೋಗುವಾಗ ಇನ್ನೊಂದು ಕಡೆಗೆ. ಹಲ್ಲಿನ ನಟ್ಟನಡುವೆ ಸೊನ್ನೆಯನ್ನು ದಾಟಿ ಮೇಲಿನಿಂದ ಕೆಳಕ್ಕೆ ಧುಮುಕುತ್ತದೆ, ಇಸಿಎಂ ಹಿಡಿಯುವುದು ಆ ಧುಮುಕನ್ನು. ಎರಡು ವೈರು ಅದಲುಬದಲಾದರೆ ಗೆರೆ ತಲೆಕೆಳಗಾಗುತ್ತದೆ. ಆಗ ಧುಮುಕು ಬೀಳುವುದು ಹಲ್ಲಿನ ಮೇಲಲ್ಲ, ಎರಡು ಹಲ್ಲಿನ ಸಂದಿನಲ್ಲಿ. ಮರ ಎಣಿಸುವ ಬದಲು ಸಂದು ಎಣಿಸಿದ ಹಾಗೆ. ಮರಕ್ಕೂ ಮರಕ್ಕೂ ಒಂದು ಮಾರು ಅಂತಿಟ್ಟುಕೊಳ್ಳಿ, ಮರ ಎಣಿಸಿದರೆ ಖಾಲಿ ಜಾಗ ಒಟ್ಟಿಗೇ ಮೂರು ಮಾರು ಸಿಗುತ್ತದೆ, ಯಾರಿಗಾದರೂ ತಿಳಿಯುತ್ತದೆ. ಸಂದು ಎಣಿಸಿದರೆ ಅದೇ ಖಾಲಿಯ ಮಧ್ಯಕ್ಕೂ ಒಂದು ಗುರುತು ಬಿದ್ದು ಎರಡು ಮಾರಿನ ಎರಡು ತುಂಡಾಗುತ್ತದೆ. ಇಸಿಎಂಗೆ ಗೇಟು ಸಿಕ್ಕಿತೋ ಇಲ್ಲವೋ ಅಂತ ಅನುಮಾನ. ಒಂದು ಸಲ ಹೌದು ಅಂದುಕೊಳ್ಳುತ್ತದೆ, ಒಂದು ಸಲ ಇನ್ನೊಂದು ಸುತ್ತು ಹುಡುಕುತ್ತದೆ. ಅದಕ್ಕೇ ಹತ್ತು ಸೆಕೆಂಡ್ ಸೆಲ್ಫ್. ಗೇಟು ಸಿಕ್ಕಿದರೂ ಲೆಕ್ಕ ಕನಿಷ್ಠ ಅರ್ಧ ಹಲ್ಲು, ಅಂದರೆ 3 ಡಿಗ್ರಿ, ಆಚೀಚೆ. ಗಡಗಡ ಸದ್ದು, ಬಿಳಿ ಹೊಗೆ ಎಲ್ಲ ಅದರದ್ದು. ಕ್ಯಾಮ್ ತನ್ನ ಜಾಗದಲ್ಲೇ ನಿಂತು ಸರಿಯಾದ್ದೇ ಹೇಳುತ್ತಿದೆ, ಕ್ರ್ಯಾಂಕ್ ಬೇರೆ ಹೇಳುತ್ತಿದೆ. ತಾಳೆಯಾಗುತ್ತಿಲ್ಲ ಅಂತ ಇಸಿಎಂ ಪಿ0016 ಬರೆದಿಡುತ್ತದೆ. ಅದು ಬರೆದದ್ದು ಸುಳ್ಳಲ್ಲ, ಚೈನ್ ಅಂತ ಓದಿಕೊಂಡವರು ನಾವು.

ವೈರು ಅದಲುಬದಲಾದದ್ದು ಎಲ್ಲಿ ಅಂತ ಹುಡುಕಲು ಮೇಷ್ಟ್ರಿಗೆ ಎರಡು ನಿಮಿಷವೂ ಆಗಲಿಲ್ಲ. ಇಲಿ ಕಡಿದ ಜಾಗಕ್ಕೆ ಹಾಕಿದ ಟೇಪ್ ಬಿಚ್ಚಿದರು. ಹಳೆಯ ವೈರು ಎರಡೂ ಎಣ್ಣೆ ಕುಡಿದು ಒಂದೇ ಕಪ್ಪು ಬಣ್ಣಕ್ಕೆ ತಿರುಗಿದ್ದವು. ಸೇರಿಸಿದ ಹುಡುಗ ಯಾವುದಕ್ಕೆ ಯಾವುದು ಅಂತ ನೋಡದೆ ಸೇರಿಸಿದ್ದಾನೆ. ಮೀಟರ್ ಇಟ್ಟು ನೋಡಿದ್ದರೂ ಅವನಿಗೆ 860 ಓಮೇ ಬರುತ್ತಿತ್ತು. ಹೊಸ ಸೆನ್ಸರ್ ಹಾಕಿದರೂ ಅಷ್ಟೇ, ಏಕೆಂದರೆ ಕಪ್ಲರ್ ಒಂದೇ ರೀತಿ ಕೂರುತ್ತದೆ, ತಪ್ಪು ಇರುವುದು ಕಪ್ಲರಿನ ಆಚೆ. ಮೇಷ್ಟ್ರು ತಿರುಗಿಸಿ ಬೆಸುಗೆ ಹಾಕಿದರು, ಹೊಡಿ ಅಂದರು. ಒಂದೇ ಏಟಿಗೆ ಇಂಜಿನ್ ಹಿಡಿದುಕೊಂಡಿತು. ಆ ಸದ್ದು ಕೇಳಿ ಬೆಕ್ಕು ಸೀಟಿನಿಂದ ಹಾರಿ ಓಡಿತು, ನಾನೂ ಹೆಚ್ಚುಕಡಿಮೆ ಹಾರಿದೆ.

ನಾನು ದುಡ್ಡು ಎಣಿಸಲು ಜೇಬಿಗೆ ಕೈ ಹಾಕಿದರೆ 'ತಾಳು, 36,000ದ್ದು ಮುಗ್ದಿಲ್ಲ' ಅಂದರು. ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಇಂಜಿನ್ನುಗಳ ಗೆರೆಗಳನ್ನು ಉಳಿಸಿಟ್ಟುಕೊಂಡಿದ್ದಾರೆ, ಚೆನ್ನಾಗಿರುವ ಗಾಡಿ ಬಂದಾಗ ಫ್ರೀಯಾಗಿ ಹಿಡಿದು ಇಟ್ಟದ್ದು. ನಮ್ಮದೇ ಮಾಡೆಲಿನ ಒಂದು ಗೆರೆ ತೆಗೆದು ನಮ್ಮದರ ಕೆಳಗೆ ಇಟ್ಟರು. ಖಾಲಿ ಜಾಗದಿಂದ ಕ್ಯಾಮಿನ ಗೋಡೆ ಏಳುವವರೆಗೆ ಎಷ್ಟು ಹಲ್ಲು ಅಂತ ಬೆರಳಿಟ್ಟು ನನ್ನಿಂದಲೇ ಎಣಿಸಿದರು. ಅದರಲ್ಲಿ ಎಷ್ಟೋ ಇದರಲ್ಲೂ ಅಷ್ಟೇ. ಕ್ರ್ಯಾಂಕಿನ ಚೈನ್ ಚಕ್ರಕ್ಕೆ 20 ಹಲ್ಲಿದ್ದರೆ ಚೈನ್ ಒಂದು ಹಲ್ಲು ಹಾರಿದಾಗ 18 ಡಿಗ್ರಿ, ಅಂದರೆ ಸ್ಕ್ರೀನಿನಲ್ಲಿ ಮೂರು ಹಲ್ಲು ಸರಿದಿರಬೇಕು. ಇಲ್ಲಿ ಅರ್ಧವೂ ಸರಿದಿಲ್ಲ. ಟೈಮಿಂಗ್ ಕವರ್ ಬಿಚ್ಚದೆ, ಒಂದು ಬೋಲ್ಟಿಗೂ ಸ್ಪ್ಯಾನರ್ ಹಾಕದೆ ಚೈನ್ ಚೆನ್ನಾಗಿದೆ ಅಂತ ತೋರಿಸಿದರು. ಹೇಳಿದ್ದಲ್ಲ, ತೋರಿಸಿದ್ದು. ನಾನು ನಾಲ್ಕು ಸ್ಟಾರ್ ಕೊಡುತ್ತಿರುವುದು ಇದಕ್ಕೆ.

ಚಾರ್ಜ್ 1,500. ಕೋಡ್ ಓದುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಸ್ಕೋಪ್ ಹಾಕಿದರೆ 1,200, ಉಳಿದ 300 ಬೆಸುಗೆಗೆ. ಈ 1,200 ತೊಂದರೆ ಸಿಕ್ಕರೂ ಕೊಡಬೇಕು, ಸಿಗದಿದ್ದರೂ ಕೊಡಬೇಕು. ಅದನ್ನು ಕೆಲಸ ಶುರುಮಾಡುವ ಮೊದಲೇ ಹೇಳುತ್ತಾರೆ. ಬರೀ ನೋಡೋದಕ್ಕೆ ಅಷ್ಟಾ ಅಂತ ಕೆಲವರು ವಾಪಸ್ ಹೋಗುತ್ತಾರಂತೆ. ನಾನು ಅಷ್ಟರಲ್ಲಾಗಲೇ 'ನೋಡದೆ ಹಾಕಿದ' ಸೆನ್ಸರುಗಳಿಗೆ 4,950 ಕೊಟ್ಟಿದ್ದೆ, ಬಾಡಿಗೆ ತಪ್ಪಿದ್ದು ಬೇರೆ.

ಕಾಯುವಾಗ ನೋಡಿದ ಇನ್ನೊಂದು ಕೇಸು ಹೇಳಿಬಿಡುತ್ತೇನೆ. ಸೇಲಂ ಕಡೆಯ ಒಂದು ಹತ್ತು ಚಕ್ರದ ಲಾರಿ ಮೇನ್ ರೋಡಿನಲ್ಲಿ ನಿಂತಿತ್ತು. ದೊಡ್ಡ ಲಾರಿಗಳು 24 ವೋಲ್ಟ್, ನಮ್ಮ ನೀಲಿ ಡಬ್ಬಿ 12 ವೋಲ್ಟಿನ ಕಾರುಗಳಿಗೆಂದು ಮಾಡಿದ್ದು, ಅಲ್ಲಿ ಹಾಕಿದರೆ ಸುಟ್ಟುಹೋಗಬಹುದು. ಅವುಗಳಲ್ಲಿ ಹಲವದರ ಕೋಡೂ ಬೇರೆ ಥರ. ಪಿ ಅಂತ ಇರುವುದಿಲ್ಲ, ಎರಡು ನಂಬರ್ ಇರುತ್ತವೆ, ಎಸ್‌ಪಿಎನ್ ಯಾವುದರಲ್ಲಿ ತೊಂದರೆ ಅಂತ, ಎಫ್‌ಎಂಐ ಎಂಥ ತೊಂದರೆ ಅಂತ. ಆ ಲಾರಿಯಲ್ಲಿ ಎಸ್‌ಪಿಎನ್ 636, ಎಫ್‌ಎಂಐ 2. 636 ಅಂದರೆ ಇಂಜಿನ್ ಪೊಸಿಷನ್ ಸೆನ್ಸರ್, 2 ಅಂದರೆ ಸಿಗ್ನಲ್ ಬರುತ್ತಿದೆ ಆದರೆ ಅಡ್ಡಾದಿಡ್ಡಿ. 5 ಇದ್ದಿದ್ದರೆ ವೈರ್ ಕಟ್ ಆಗಿದೆಯಾ ಅಂತ ಮೊದಲು ನೋಡುತ್ತಿದ್ದೆ ಅಂದರು ಮೇಷ್ಟ್ರು. ಸೆನ್ಸರ್ ಬಿಚ್ಚಿದರೆ ತುದಿಯ ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿಕೊಂಡಿತ್ತು. ಒರೆಸಿ ಹಾಕಿದರು, ಲಾರಿ ಹೋಯಿತು. 'ಪುಡಿ ಎಲ್ಲಿಂದ ಬಂತು ಅಂತ ಊರಿಗೆ ಹೋಗಿ ನೋಡಿಸು, ಇದು ಮತ್ತೆ ಬತ್ತದೆ' ಅಂತ ಆ ಡ್ರೈವರಿಗೆ ಮೂರು ಸಲ ಹೇಳಿದರು. ಅವನಿಗೆ ಕನ್ನಡ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ತಲೆಯಂತೂ ಆಡಿಸಿದ.

ಈಗ ಕಟ್ ಆದ ಸ್ಟಾರ್. ಹದಿನೈದು ದಿನ ಗಾಡಿ ಕುದುರೆ ಹಾಗೆ ಓಡಿತು. ಆಮೇಲೆ ಒಂದು ದಿನ ಜೋರು ಮಳೆ, ದಾಬಸ್‌ಪೇಟೆ ದಾಟುವಾಗ ಹಳದಿ ಲೈಟ್ ಹತ್ತಿತು. ಪಿ0336. ಗಾಡಿ ನಿಲ್ಲಲಿಲ್ಲ, ಆದರೆ ಎರಡು ಸಲ ಜರ್ಕ್ ಹೊಡೆಯಿತು. ಈ ಸಲ ಕ್ಲಿಯರ್ ಮಾಡಲಿಲ್ಲ, ಎಷ್ಟು ಗಂಟೆಗೆ, ಯಾವ ಗೇರಿನಲ್ಲಿ ಅಂತ ಬರೆದುಕೊಂಡು ಸೀದಾ ತುಮಕೂರಿಗೆ ಹೋದೆ. ಮೇಷ್ಟ್ರು ಇರಲಿಲ್ಲ. ಫೋನ್ ಮಾಡಿದರೆ ಒಳಗೆ ಅಡುಗೆಮನೆಯಲ್ಲಿ ರಿಂಗ್ ಆಗುವುದು ಕೇಳಿಸುತ್ತದೆ, ಎತ್ತುವವರಿಲ್ಲ. ಅವರ ಮನೆಯವರು ಬಂದು 'ಬ್ಯಾಂಕಿಗೆ ಹೋಗಿದ್ದಾರೆ, ಬರ್ತಾರೆ ಕೂತ್ಕೊಳ್ಳಿ' ಅಂದರು. ಬ್ಯಾಂಕಿನಿಂದ ಬಂದು, ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ ಅವರು ಶೆಡ್ಡಿಗೆ ಬಂದಾಗ ಮೂರೂಮುಕ್ಕಾಲು. ಎರಡೂವರೆ ಗಂಟೆ ಬೆಕ್ಕಿನ ಪಕ್ಕ ಕೂತಿದ್ದೆ. ನೀವಾದರೂ ಆ ಹೊತ್ತಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬನ್ನಿ.

ತೊಂದರೆ ಅವರದೇ ಕೆಲಸದಲ್ಲಿತ್ತು. ಕ್ರ್ಯಾಂಕ್ ಸೆನ್ಸರಿನ ಎರಡು ವೈರಿನ ಸುತ್ತ ತಂತಿಜಾಲದ ಒಂದು ಹೊದಿಕೆ ಇರುತ್ತದೆ, ಶೀಲ್ಡ್ ಅಂತ. ಆಲ್ಟರ್ನೇಟರ್, ಸೆಲ್ಫ್ ಮೋಟರಿನ ಗಲಾಟೆ ಸಿಗ್ನಲ್ಲಿಗೆ ಬಡಿಯದಂತೆ ಅದು ತಡೆಯುತ್ತದೆ, ಅದಕ್ಕೆ ಒಂದೇ ಕಡೆ ಅರ್ತ್. ಇಲಿ ಅದನ್ನೂ ಕಡಿದಿತ್ತು. ಮೇಷ್ಟ್ರು ಅವತ್ತು ಅದನ್ನು ಸೇರಿಸಿದ್ದರು, ಆದರೆ ಜಾಯಿಂಟಿಗೆ ತೊಡಿಸುವ ಸ್ಲೀವ್ ಮುಗಿದಿತ್ತು ಅಂತ ಮೇಲೆ ಮಾಮೂಲಿ ಟೇಪ್ ಸುತ್ತಿದ್ದರು. ಮಳೆ ನೀರು ಒಳಗೆ ಇಳಿದು ಜಾಯಿಂಟ್ ಹಸಿರು ಹಿಡಿದಿತ್ತು. ಬಿಚ್ಚಿ ನೋಡಿದವರು ಒಂದು ನಿಮಿಷ ಮಾತಾಡಲಿಲ್ಲ. 'ಹುಡುಗ್ರು ಮಾಡಿದ್ರೆ ಕಿವಿ ಹಿಂಡ್ತಿದ್ದೆ' ಅಂದರು. ಒಳಗೆ ಅಂಟು ಇರುವ ಸ್ಲೀವ್ ಹಾಕಿ, ಬಿಸಿ ಮಾಡಿ ಕೂರಿಸಿ, ವೈರನ್ನು ಹೌಸಿಂಗ್ ಮೇಲಿಂದ ಎತ್ತಿ ಬೇರೆ ದಾರಿಯಲ್ಲಿ ಕಟ್ಟಿದರು. ದುಡ್ಡು ಮುಟ್ಟಲಿಲ್ಲ. ನಾನು ಕೊಡಲು ಹೋದಾಗ ನಿಜವಾಗಿಯೂ ಸಿಟ್ಟಾದರು. ಆದರೂ ನನ್ನ ಅರ್ಧ ದಿನ ಹೋಯಿತು, ಮಳೆಯಲ್ಲಿ ಕೊಬ್ಬರಿ ಮೂಟೆ ಮೇಲೆ ಟಾರ್ಪಾಲು ಸರಿ ಇದೆಯಾ ಅನ್ನುವ ಚಿಂತೆ ಬೇರೆ. ಹಾಗಾಗಿ ಒಂದು ಸ್ಟಾರ್ ಕಡಿಮೆ. ಸ್ಲೀವ್ ಮುಗಿದಿದ್ದರೆ ಅಂಗಡಿಯಿಂದ ತರಿಸಬೇಕಿತ್ತು.

ಹೋಗುವವರಿಗೆ ಇನ್ನೆರಡು ಮಾತು. ಸೆನ್ಸರ್ ಅವರ ಹತ್ತಿರ ಸಿಗುವುದಿಲ್ಲ, ಬೇಕೆಂದು ಗೊತ್ತಾದ ಮೇಲೆ ನೀವೇ ತರಬೇಕು. ಯುಪಿಐ ಇದೆ, ಆದರೆ ಫೋನು ಅಡುಗೆಮನೆಯಲ್ಲಿರುತ್ತದೆ, ನಗದು ಇಟ್ಟುಕೊಳ್ಳಿ. ಬಿಲ್ ಕೇಳಿದರೆ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಡುತ್ತಾರೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಬ್ಯಾಟರಿ ವೀಕ್ ಇದ್ದರೆ ಚಾರ್ಜ್ ಮಾಡಿಸಿಕೊಂಡೇ ಹೋಗಿ. ಸೆಲ್ಫ್ ನಿಧಾನ ತಿರುಗಿದರೆ ಈ ಥರದ ಸೆನ್ಸರಿನಿಂದ ವೋಲ್ಟೇ ಸರಿಯಾಗಿ ಬರುವುದಿಲ್ಲ, ಅವರು ಮೊದಲು ಅದಕ್ಕೇ ಬೈಯುತ್ತಾರೆ. ಹಳೆಯ ಸಾಮಾನು ಬಿಸಾಡದೆ ತಗೊಂಡು ಹೋಗಿ.

ನಾನು ತಗೊಂಡು ಹೋಗಿದ್ದೆ. ಎರಡನೇ ಸಲ ಹೋದಾಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಮೊದಲು ಬಿಚ್ಚಿದ ಕ್ಯಾಮ್ ಸೆನ್ಸರ್, ಆಮೇಲೆ ಬಿಚ್ಚಿದ ಡೂಪ್ಲಿಕೇಟ್ ಕ್ಯಾಮ್ ಸೆನ್ಸರ್, ಹಳೆಯ ಕ್ರ್ಯಾಂಕ್ ಸೆನ್ಸರ್, ಮೂರನ್ನೂ ಮೇಜಿನ ಮೇಲೆ ಇಟ್ಟೆ. ಮೇಷ್ಟ್ರು ಒಂದೊಂದಕ್ಕೂ ಸ್ಕೋಪ್ ಹಚ್ಚಿ ಎದುರಿಗೆ ಒಂದು ಸ್ಪ್ಯಾನರ್ ಆಡಿಸಿ ನೋಡಿದರು. ಮೂರೂ ಚೆನ್ನಾಗಿವೆ ಅಂದರು. ಎರಡನ್ನು ವಾಪಸ್ ಪೆಟ್ಟಿಗೆಗೆ ಹಾಕಿದೆ. ಆ ಡೂಪ್ಲಿಕೇಟನ್ನು ನಮ್ಮ ಕ್ಲೀನರ್ ಹುಡುಗ ಕೀ ಬಂಚಿಗೆ ಸಿಕ್ಕಿಸಿಕೊಂಡಿದ್ದಾನೆ. ತುದಿಯಲ್ಲಿ ಆಯಸ್ಕಾಂತ ಇರುವುದರಿಂದ ಕೀ ಬಂಚು ಕ್ಯಾಬಿನ್ನಿನ ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತದಂತೆ.